ಎಂಎಲ್‌ಸಿ ವಹಿಯಲ್ಲಿ ಮಕ್ಕಳು: ನಾಸಿಕ್ ಮತ್ತು ಔರಂಗಾಬಾದ್ ಸೀಮೆಯ ಒಂದು ವೈದ್ಯಕೀಯ ಚರಿತ್ರೆ

ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂಬ ಸಂಶಯ ಬಂದಾಗ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಏನನ್ನು ನೋಡಬೇಕು, ಯಾರಿಗೆ ತಿಳಿಸಬೇಕು ಎಂಬುದಕ್ಕೆ ಇಂದು ಭಾರತದಲ್ಲಿ ಬರೆದಿಟ್ಟ ನಿಯಮಗಳಿವೆ. ಅವುಗಳಲ್ಲಿ ಮುಖ್ಯವಾದವು 2012ರಿಂದ ಈಚಿನವು. ಅದಕ್ಕೂ ಹಿಂದೆ, ಸುಮಾರು ಒಂದೂವರೆ ಶತಮಾನ ಕಾಲ, ಪೆಟ್ಟು ತಿಂದ ಮಗುವನ್ನು ಆಸ್ಪತ್ರೆ ನೋಡಿದ್ದು ಬಹುಮಟ್ಟಿಗೆ ಕೋರ್ಟಿನ ಸಲುವಾಗಿ. ವಯಸ್ಸು ಎಷ್ಟು, ಗಾಯ ಎಷ್ಟು ದಿನದ್ದು, ಒಪ್ಪಿಗೆ ಇತ್ತೇ ಎಂದು ಪೊಲೀಸರು ಕೇಳಿದ್ದಕ್ಕೆ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ವಹಿಯಲ್ಲಿ ಉತ್ತರ ಬರೆದು ಸಹಿ ಹಾಕಿದರೆ ವೈದ್ಯರ ಕೆಲಸ ಮುಗಿಯುತ್ತಿತ್ತು. ಮಗು ಇಂದು ರಾತ್ರಿ ಯಾರ ಮನೆಯಲ್ಲಿ ಮಲಗಬೇಕು ಎಂಬ ಪ್ರಶ್ನೆಗೆ ಆ ಕಾಗದದಲ್ಲಿ ಜಾಗವಿರಲಿಲ್ಲ. ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳನ್ನು ಇಟ್ಟುಕೊಂಡು ಈ ಬದಲಾವಣೆಯನ್ನು ನೋಡಿದರೆ ಅದು ಎಷ್ಟು ತಡವಾಗಿ, ಎಷ್ಟು ಅಡ್ಡಾದಿಡ್ಡಿಯಾಗಿ ಆಯಿತೆಂಬುದು ತಿಳಿಯುತ್ತದೆ.

ಎರಡೂ ಊರುಗಳ ಆಡಳಿತದ ಹಿನ್ನೆಲೆ ಬೇರೆ ಬೇರೆ. ಕನ್ನಡ ಓದುಗರಿಗೆ ಈ ಎರಡೂ ಹಿನ್ನೆಲೆಗಳು ಪರಿಚಿತವೇ. 1869ರಲ್ಲಿ ಪ್ರತ್ಯೇಕ ಜಿಲ್ಲೆಯಾದ ನಾಸಿಕ್ ಮುಂಬಯಿ ಪ್ರಾಂತದಲ್ಲಿತ್ತು. ಧಾರವಾಡ, ಬೆಳಗಾವಿ, ವಿಜಯಪುರಗಳಿಗೆ ಅನ್ವಯವಾದ ಕಾನೂನೇ ಅದಕ್ಕೂ ಅನ್ವಯ. 2023ರವರೆಗೆ ಔರಂಗಾಬಾದ್ ಎಂದು ಕರೆಸಿಕೊಂಡ ಸಂಭಾಜಿನಗರ ನಿಜಾಮರ ಹೈದರಾಬಾದ್ ಸಂಸ್ಥಾನದ್ದು. ಕಲಬುರಗಿಯ ಹಾಗೆ ಅದೂ ಆ ಸಂಸ್ಥಾನದ ಒಂದು ಸುಬಾದ (ಆಡಳಿತ ವಿಭಾಗದ) ಕೇಂದ್ರ. 1948ರ ಸೆಪ್ಟೆಂಬರ್ 17ರವರೆಗೆ ಬ್ರಿಟಿಷ್ ಭಾರತದ ಕಾಯ್ದೆಗಳು ಅಲ್ಲಿ ತಾವಾಗಿ ಜಾರಿಗೆ ಬರುತ್ತಿರಲಿಲ್ಲ. 1956ರ ರಾಜ್ಯ ಪುನರ್‌ವಿಂಗಡಣೆಯಲ್ಲಿ ಕಲಬುರಗಿ, ಬೀದರ, ರಾಯಚೂರು ಮೈಸೂರಿಗೆ ಸೇರಿದಾಗ ಔರಂಗಾಬಾದ್ ಇರುವ ಮರಾಠವಾಡಾ ಮುಂಬಯಿ ರಾಜ್ಯಕ್ಕೆ ಸೇರಿತು. ಔರಂಗಾಬಾದಿನ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದೂ ಅದೇ 1956ರಲ್ಲಿ. ಅದರ ಆಸ್ಪತ್ರೆಯನ್ನು ಊರಿನವರು ಇಂದಿಗೂ ಘಾಟಿ ದವಾಖಾನೆ ಎನ್ನುತ್ತಾರೆ. ಬೀಡ್, ಜಾಲನಾ ಕಡೆಯ ಗಂಭೀರ ರೋಗಿಗಳು ಬಂದು ಸೇರುವುದು ಇಲ್ಲಿಗೇ.

ಮಕ್ಕಳ ಮೇಲಿನ ಹಿಂಸೆ ಹತ್ತೊಂಬತ್ತನೆಯ ಶತಮಾನದ ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಮಾತಾದದ್ದು ಆಸ್ಪತ್ರೆಯ ಹೊರಗೆ. ಬ್ರಾಹ್ಮಣ ವಿಧವೆಯರು ಹೆತ್ತ ಶಿಶುಗಳ ಕೊಲೆಯನ್ನು ತಡೆಯಲು ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ 1863ರಲ್ಲಿ ಪುಣೆಯಲ್ಲಿ ಬಾಲಹತ್ಯಾ ಪ್ರತಿಬಂಧಕ ಗೃಹ ತೆರೆದರು. ಅಲ್ಲಿ ಹುಟ್ಟಿದ ಒಬ್ಬ ಹುಡುಗನನ್ನು ದತ್ತು ತೆಗೆದುಕೊಂಡರು. ಆ ಯಶವಂತ ಮುಂದೆ ವೈದ್ಯನಾದ. ಸರ್ಕಾರ ಹೆಣ್ಣು ಶಿಶುಹತ್ಯೆಯ ವಿರುದ್ಧ ಕಾಯ್ದೆ ತಂದದ್ದು 1870ರಲ್ಲಿ.

ವೈದ್ಯರು ವೈದ್ಯರಾಗಿಯೇ ಮಾತಾಡಿದ್ದು ಸಮ್ಮತಿ ವಯಸ್ಸಿನ ಚರ್ಚೆಯಲ್ಲಿ. 1860ರ ದಂಡ ಸಂಹಿತೆಯಲ್ಲಿ ಸಮ್ಮತಿಯ ವಯಸ್ಸು 10 ವರ್ಷ, ಮದುವೆಯಾದವಳಿಗೂ ಅಷ್ಟೇ. ಕಲಕತ್ತೆಯಲ್ಲಿ ಫೂಲ್‌ಮಣಿ ದಾಸಿ ಎಂಬ ಹುಡುಗಿ ಗಂಡನಿಂದ ಆದ ಗಾಯದಿಂದ ಸತ್ತಳು. 1890ರಲ್ಲಿ ಮೊಕದ್ದಮೆ ನಡೆದಾಗ ಅವಳಿಗೆ ಹತ್ತು ದಾಟಿತ್ತೆಂಬ ಕಾರಣಕ್ಕೆ ಅತ್ಯಾಚಾರದ ಆರೋಪ ನಿಲ್ಲಲಿಲ್ಲ. ಅವನಿಗೆ ಸಿಕ್ಕಿದ್ದು ಒಂದು ವರ್ಷದ ಸಜೆ. ಆಗ ಭಾರತದಲ್ಲಿ ಕೆಲಸ ಮಾಡುತ್ತಿದ್ದ 55 ವೈದ್ಯೆಯರು, ಡಾ. ಮಾನ್ಸೆಲ್ ಅವರ ಮುಂದಾಳುತನದಲ್ಲಿ, ವೈಸರಾಯ್‌ಗೆ ಮನವಿ ಕೊಟ್ಟರು. ತಾವು ಕಣ್ಣಾರೆ ಕಂಡ ಬಾಲವಧುಗಳ ಗಾಯಗಳನ್ನು ಅದರಲ್ಲಿ ಒಂದೊಂದಾಗಿ ಬರೆದಿದ್ದರು. ಪೊಲೀಸರು ಕೇಳದೆ, ಕೋರ್ಟು ಕರೆಯದೆ, ಆರೋಗ್ಯ ವೃತ್ತಿಯವರು ತಾವಾಗಿ ಮಾಡಿದ ವರದಿ ಎಂದರೆ ಇದೇ. ಇಂದಿನ ಕಡ್ಡಾಯ ವರದಿಗೆ ಇದನ್ನು ಪೂರ್ವಿಕ ಎನ್ನಬಹುದು. 1891ರಲ್ಲಿ ಸಮ್ಮತಿ ವಯಸ್ಸು 12 ಆಯಿತು. ಮಸೂದೆಯನ್ನು ತಿಲಕರು ವಿರೋಧಿಸಿದರು, ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಬೆಂಬಲಿಸಿದರು. ರಾನಡೆ ಹುಟ್ಟಿದ್ದು ನಾಸಿಕ್ ಜಿಲ್ಲೆಯ ನಿಫಾಡದಲ್ಲಿ. ಇದೇ ರಾನಡೆ 1873ರಲ್ಲಿ ಮೊದಲ ಹೆಂಡತಿ ತೀರಿಕೊಂಡಾಗ ತಂದೆಯ ಒತ್ತಾಯಕ್ಕೆ ಮಣಿದು 11 ವರ್ಷದ ಹುಡುಗಿಯನ್ನು ಮದುವೆಯಾಗಿದ್ದರು. ಸುಧಾರಕರ ಮನೆಯಲ್ಲೇ ರೂಢಿಯ ಬಿಗಿ ಹೀಗಿತ್ತು. 1891ರ ತಿದ್ದುಪಡಿ ನಾಸಿಕ್‌ಗೆ ಬಂತು, ಔರಂಗಾಬಾದಿಗೆ ಬರಲಿಲ್ಲ. ಹೈದರಾಬಾದಿನಂತೆಯೇ ಸಂಸ್ಥಾನವಾಗಿದ್ದ ಮೈಸೂರು 1894ರಲ್ಲಿ ತನ್ನದೇ ಕಟ್ಟಳೆ ಮಾಡಿ 8 ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತು.

ಇಪ್ಪತ್ತನೆಯ ಶತಮಾನದ ವೈದ್ಯ ವಿದ್ಯಾರ್ಥಿ ಈ ವಿಷಯವನ್ನು ಕಲಿತದ್ದು ನ್ಯಾಯವೈದ್ಯಶಾಸ್ತ್ರದ ಪಠ್ಯದಿಂದ. 1920ರಲ್ಲಿ ಮೊದಲು ಅಚ್ಚಾದ ಜೈಸಿಂಗ್ ಮೋದಿಯವರ ಗ್ರಂಥ ತಲೆಮಾರುಗಳ ಕಾಲ ಇದರ ಕೈಪಿಡಿ. ಮೂಗೇಟಿನ ಬಣ್ಣ ನೋಡಿ ಅದರ ವಯಸ್ಸು ಹೇಳುವ ಪಟ್ಟಿ ಅದರಲ್ಲಿತ್ತು: ಮೊದಲು ಕೆಂಪು, ಆಮೇಲೆ ನೀಲಿ, ಐದಾರು ದಿನಕ್ಕೆ ಹಸಿರು, ಒಂದು ವಾರ ದಾಟಿದರೆ ಹಳದಿ. ಕೋರ್ಟಿನಲ್ಲಿ ಈ ಪಟ್ಟಿ ಬಹಳ ಬಳಕೆಯಾಯಿತು. ಈಗಿನ ಸಂಶೋಧನೆ ಇದನ್ನು ಒಪ್ಪುವುದಿಲ್ಲ. ಒಂದೇ ಏಟಿನ ಗುರುತು ಮೈಯ ಬೇರೆ ಬೇರೆ ಕಡೆ ಬೇರೆ ಬೇರೆ ವೇಗದಲ್ಲಿ ಮಾಗುತ್ತದೆ, ಕಪ್ಪು ಮೈಬಣ್ಣದ ಮೇಲೆ ಹಸಿರು ಹಳದಿ ಕಾಣುವುದೇ ಕಷ್ಟ. ವಯಸ್ಸನ್ನು ಗೊತ್ತುಮಾಡುವುದು ಇನ್ನೊಂದು ದೊಡ್ಡ ಕೆಲಸ. ಜನನ ನೋಂದಣಿ ಇಲ್ಲದ ಕಾಲದಲ್ಲಿ ಮಣಿಕಟ್ಟು, ಮೊಣಕೈಗಳ ಎಕ್ಸ್‌ರೇ ತೆಗೆದು ಎಲುಬು ಕೂಡಿದ್ದನ್ನು ನೋಡಿ ಅಂದಾಜು ಮಾಡುತ್ತಿದ್ದರು. ಭಾರತೀಯರ ಎಲುಬಿನ ಬಗ್ಗೆ ಗಾಲ್‌ಸ್ಟನ್ 1937ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ಈ ಅಂದಾಜಿನಲ್ಲಿ ಆಚೀಚೆ ಎರಡು ವರ್ಷದ ತಪ್ಪು ಇರಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಇಂದಿನ ಬಾಲನ್ಯಾಯ ಕಾಯ್ದೆಯಲ್ಲಿ ಶಾಲೆಯ ದಾಖಲೆ, ಜನನ ಪ್ರಮಾಣಪತ್ರ ಮೊದಲು, ಎಲುಬಿನ ಪರೀಕ್ಷೆ ಕೊನೆಗೆ.

ಕಾನೂನು ಅಷ್ಟರಲ್ಲಿ ಮಗುವನ್ನು ಪ್ರತ್ಯೇಕವಾಗಿ ನೋಡತೊಡಗಿತ್ತು. ಮದ್ರಾಸ್ 1920ರಲ್ಲಿ, ಬಂಗಾಳ 1922ರಲ್ಲಿ, ಮುಂಬಯಿ 1924ರಲ್ಲಿ ಮಕ್ಕಳ ಕಾಯ್ದೆ ಮಾಡಿದವು. ಮುಂಬಯಿಯ ಕಾಯ್ದೆ ಇಡೀ ಪ್ರಾಂತಕ್ಕೆ ಒಮ್ಮೆಲೇ ಬರಲಿಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಕ್ಕಷ್ಟೇ ಅನ್ವಯ. ಹೈದರಾಬಾದ್ ರಾಜ್ಯದ ಮಕ್ಕಳ ಕಾಯ್ದೆ ಬಂದದ್ದು 1951ರಲ್ಲಿ. ದೇಶಕ್ಕೆಲ್ಲ ಒಂದೇ ಬಾಲನ್ಯಾಯ ಕಾಯ್ದೆಯಾಗಲು 1986ರವರೆಗೆ ಕಾಯಬೇಕಾಯಿತು. ಇವೆಲ್ಲ ಅನಾಥಾಲಯ, ರಿಮಾಂಡ್ ಹೋಮ್, ಪ್ರೊಬೇಷನ್ ಅಧಿಕಾರಿಯ ಸುತ್ತ ಹೆಣೆದ ಕಾಯ್ದೆಗಳು. ಆಸ್ಪತ್ರೆಗೆ ಇವುಗಳಲ್ಲಿ ದೊಡ್ಡ ಪಾತ್ರವೇನೂ ಇರಲಿಲ್ಲ.

ಮಗುವಿನ ಗಾಯವನ್ನು ರೋಗಲಕ್ಷಣದಂತೆ ಓದುವ ವಿದ್ಯೆ ಬೆಳೆದದ್ದು ಬೇರೆ ಕಡೆ. ಪ್ಯಾರಿಸ್ಸಿನ ನ್ಯಾಯವೈದ್ಯ ಆಂಬ್ರೋಯಿಸ್ ತಾರ್ದ್ಯೂ 1860ರಲ್ಲೇ ಹೆತ್ತವರು, ಪೋಷಕರು, ಶಿಕ್ಷಕರಿಂದ ಹಿಂಸೆಗೊಳಗಾದ 32 ಮಕ್ಕಳನ್ನು ವರ್ಣಿಸಿದ್ದ. ಅವರಲ್ಲಿ 18 ಮಕ್ಕಳು ಸತ್ತಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1946ರಲ್ಲಿ ನ್ಯೂಯಾರ್ಕಿನ ಜಾನ್ ಕ್ಯಾಫೆ ಆರು ಶಿಶುಗಳಲ್ಲಿ ಮೆದುಳಿನ ಹೊದಿಕೆಯಡಿಯ ರಕ್ತಸ್ರಾವವೂ ಕೈಕಾಲುಗಳ ಉದ್ದ ಮೂಳೆಗಳ ಮುರಿತವೂ ಒಟ್ಟಿಗೆ ಇರುವುದನ್ನು ಎಕ್ಸ್‌ರೇಯಲ್ಲಿ ಕಂಡ. ಆ ಮೂಳೆ ಹೇಗೆ ಮುರಿಯಿತು ಎಂದು ಅವನು ನೇರವಾಗಿ ಹೇಳಲಿಲ್ಲ. ಹೇಳಿದ್ದು ಡೆನ್ವರಿನ ಹೆನ್ರಿ ಕೆಂಪೆ ಮತ್ತು ಸಂಗಡಿಗರು, 1962ರಲ್ಲಿ. ಅಲ್ಲಿಂದ ಐದಾರು ವರ್ಷದಲ್ಲಿ ಅಮೆರಿಕದ ಎಲ್ಲ ರಾಜ್ಯಗಳೂ ವೈದ್ಯರು ವರದಿ ಮಾಡಲೇಬೇಕೆಂಬ ಕಾಯ್ದೆ ಮಾಡಿದವು. ಭಾರತೀಯ ಮಕ್ಕಳತಜ್ಞರ ಅಕಾಡೆಮಿ ಸ್ಥಾಪನೆಯಾದದ್ದು 1963ರಲ್ಲಿ. ಆಗ ನಮ್ಮ ಮಕ್ಕಳ ವಾರ್ಡುಗಳನ್ನು ತುಂಬಿದ್ದು ವಾಂತಿಭೇದಿ, ದಡಾರ, ಅಪೌಷ್ಟಿಕತೆ. ಹೊಡೆತ ಮನೆಯ ಮಾತು, ಶಾಲೆಯ ಶಿಸ್ತು. ಅಕಾಡೆಮಿಯ ಮಕ್ಕಳ ಹಕ್ಕು ಕಾರ್ಯಕ್ರಮದಿಂದ ಭಾರತದ ಪರಿಸ್ಥಿತಿಗೆ ತಕ್ಕ ಶಿಫಾರಸುಗಳು ಹೊರಬಂದದ್ದು 2010ರಲ್ಲಿ, ಕೆಂಪೆ ಬರೆದ 48 ವರ್ಷದ ಮೇಲೆ.

ಗುರುತಿಸುವ ವಿದ್ಯೆಯ ತಿರುಳು ಗಾಯದಲ್ಲಿಲ್ಲ, ಗಾಯಕ್ಕೂ ಹೇಳಿದ ಕಥೆಗೂ ಇರುವ ಹೊಂದಿಕೆಯಲ್ಲಿದೆ. ಇನ್ನೂ ಮಗುಚಿಕೊಳ್ಳಲೂ ಬಾರದ ಮೂರು ತಿಂಗಳ ಕೂಸು ತೊಡೆಮೂಳೆ ಮುರಿದುಕೊಂಡರೆ, ಮಂಚದಿಂದ ಉರುಳಿತು ಎಂಬ ಮಾತು ಒಪ್ಪುವಂಥದ್ದಲ್ಲ. ಓಡಾಡುವ ಮಗುವಿಗೆ ಮೊಣಕಾಲು, ಅದರ ಕೆಳಗಿನ ಮುಂಭಾಗ, ಹಣೆಗಳಲ್ಲಿ ಪೆಟ್ಟು ಸಹಜ. ಕಿವಿ, ಕತ್ತು, ಎದೆ, ಹೊಟ್ಟೆ, ತೊಡೆಯ ಒಳಬದಿಯ ಮೂಗೇಟು ಸಹಜವಲ್ಲ. ಬೆಲ್ಟಿನ ಅಥವಾ ಮಡಿಚಿದ ವೈರಿನ ಬಾಸುಂಡೆ ತನ್ನ ಆಕಾರವನ್ನೇ ಚರ್ಮದ ಮೇಲೆ ಬಿಟ್ಟಿರುತ್ತದೆ. ಬಿಸಿನೀರಿನ ಗಾಯವನ್ನು ಹತ್ತಿರದಿಂದ ನೋಡಿದರೆ ಎರಡು ಬಗೆ ತಿಳಿಯುತ್ತದೆ. ಮಗು ತಾನೇ ಹಂಡೆಯನ್ನು ಎಳೆದುಕೊಂಡಿದ್ದರೆ ನೀರು ಮುಖ, ಭುಜ, ಎದೆಯಿಂದ ಕೆಳಗೆ ಹರಿದು, ಕೆಳಗೆ ಬಂದಂತೆ ಸುಟ್ಟದ್ದು ಕಡಿಮೆಯಾಗುತ್ತದೆ, ಅಂಚು ಚೂರುಚೂರಾಗಿ, ಚಿಮ್ಮಿದ ಹನಿಗಳ ಗುರುತಿನೊಂದಿಗೆ ಇರುತ್ತದೆ. ಕಾಲನ್ನು ಬಲವಂತವಾಗಿ ನೀರಿನಲ್ಲಿ ಅದ್ದಿ ಹಿಡಿದಿದ್ದರೆ ಎರಡೂ ಕಾಲುಗಳ ಮೇಲೆ ಒಂದೇ ಎತ್ತರದಲ್ಲಿ, ಕಾಲುಚೀಲ ಹಾಕಿದಷ್ಟು ನೇರವಾದ ಗೆರೆ; ಚಿಮ್ಮಿದ ಹನಿ ಇಲ್ಲ. ದವಾಖಾನೆಗೆ ತಂದ ಸಮಯವೂ ಮಾತಾಡುತ್ತದೆ. ನಿನ್ನೆ ಮಧ್ಯಾಹ್ನ ಸುಟ್ಟ ಮಗುವನ್ನು ಇಂದು ಸಂಜೆ ತಂದರೆ, ತಾಯಿ ಒಂದು, ಅಜ್ಜಿ ಒಂದು ಹೇಳಿದರೆ, ನಡುವಿನ ಸಮಯಕ್ಕೆ ಲೆಕ್ಕ ಕೇಳಬೇಕಾಗುತ್ತದೆ.

ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ: ದೌರ್ಜನ್ಯವೆಂದು ಕಂಡರೂ ಅಲ್ಲದ್ದು. ನಮ್ಮ ಶಿಶುಗಳ ಸೊಂಟದ ಕೆಳಗೆ, ಪಿರ್ರೆಯ ಮೇಲೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆ ಬಹಳ ಸಾಮಾನ್ಯ. ಹೊಸಬರು ಅದನ್ನು ಮೂಗೇಟೆಂದು ಬರೆದುಬಿಡಬಹುದು. ಹಿಮೋಫಿಲಿಯಾ, ಪ್ಲೇಟ್‌ಲೆಟ್ ಕೊರತೆ, ವಿಟಮಿನ್ ಕೆ ಕೊರತೆಗಳಲ್ಲಿ ಏಟಿಲ್ಲದೆಯೇ ರಕ್ತ ಒಸರುತ್ತದೆ. ರಿಕೆಟ್ಸ್ ಮತ್ತು ಹುಟ್ಟಿನಿಂದ ಬರುವ ಮೂಳೆ ದೌರ್ಬಲ್ಯದಲ್ಲಿ ಸಣ್ಣ ಪೆಟ್ಟಿಗೂ ಮೂಳೆ ಮುರಿಯುತ್ತದೆ. ಎಲ್ಲಕ್ಕಿಂತ ಕಷ್ಟದ್ದು ಬರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಾಮಾಲೆಗೆ, ಮಗುವಿನ ಹೊಟ್ಟೆ ಉಬ್ಬರಕ್ಕೆ ಬರೆ ಹಾಕಿಸುತ್ತಿದ್ದದ್ದು ಹಿರಿಯರಿಗೆ ನೆನಪಿದೆ. ಮಹಾರಾಷ್ಟ್ರದ ಮೇಳಘಾಟದ ಕೊರ್ಕೂ ಜನರಲ್ಲಿ ಕೂಸಿನ ಹೊಟ್ಟೆಯ ಮೇಲೆ ಕಾಯಿಸಿದ ಕಬ್ಬಿಣ ಇಡುವ ಪದ್ಧತಿಗೆ ಡಂಬಾ ಎನ್ನುತ್ತಾರೆ. ಇಲ್ಲಿ ಕೈ ಮಾಡಿದವರಿಗೆ ಮಗುವನ್ನು ನೋಯಿಸುವ ಉದ್ದೇಶವಿಲ್ಲ, ಆದರೆ ಗಾಯ ನಿಜ, ಸೋಂಕು ನಿಜ, ಸಾವೂ ಆಗುತ್ತದೆ. ತಾಯಿಯನ್ನು ಆರೋಪಿ ಮಾಡಿದರೆ ಮುಂದಿನ ಕೂಸು ದವಾಖಾನೆಗೇ ಬರುವುದಿಲ್ಲ. ಸುಮ್ಮನಿದ್ದರೆ ಪದ್ಧತಿ ಮುಂದುವರಿಯುತ್ತದೆ. ಈ ಇಕ್ಕಟ್ಟಿಗೆ ಪಠ್ಯಪುಸ್ತಕದ ಉತ್ತರ ಸಿಗದು. ಬರೆ ಹಾಕುವವನನ್ನು ಹಿಡಿದು ತಾಯಿಗೆ ತಿಳಿಹೇಳುವುದೇ ಸದ್ಯಕ್ಕೆ ಬುದ್ಧಿವಂತಿಕೆಯ ದಾರಿ.

ಲೈಂಗಿಕ ದೌರ್ಜನ್ಯದ ಪರೀಕ್ಷೆ ಬದಲಾದ ಕಥೆಯಲ್ಲಿ ಮಹಾರಾಷ್ಟ್ರದ ಪಾಲು ದೊಡ್ಡದು. 1972ರ ಮಾರ್ಚಿನಲ್ಲಿ ಆಗಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ವೈದ್ಯೆ ಅವಳ ವಯಸ್ಸನ್ನು 14ರಿಂದ 16 ಎಂದು ಅಂದಾಜಿಸಿದರು, ಮೈಮೇಲೆ ಗಾಯವಿಲ್ಲವೆಂದು ಬರೆದರು, ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆಯ ಫಲವನ್ನೂ ದಾಖಲಿಸಿದರು. ಸುಪ್ರೀಂ ಕೋರ್ಟ್ 1978ರಲ್ಲಿ ಗಾಯವಿಲ್ಲದ್ದನ್ನೇ ಪ್ರತಿರೋಧವಿಲ್ಲದ್ದಕ್ಕೆ ಸಾಕ್ಷಿಯೆಂದು ಹಿಡಿದು ಪೊಲೀಸರನ್ನು ಬಿಡುಗಡೆ ಮಾಡಿತು. ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ 1979ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಬರೆದ ಬಹಿರಂಗ ಪತ್ರ, ಅದರ ಹಿಂದೆಯೇ ಎದ್ದ ಚಳವಳಿಯಿಂದ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕಾನೂನು ಬದಲಾದರೂ ಆಸ್ಪತ್ರೆಯ ನಮೂನೆ ಬದಲಾಗಲಿಲ್ಲ. ಮುಂದಿನ ಮೂರು ದಶಕವೂ ಹುಡುಗಿಯರ ವರದಿಗಳಲ್ಲಿ ಬೆರಳಿನ ಪರೀಕ್ಷೆ ಉಳಿಯಿತು.

ಅದನ್ನು ಕಿತ್ತುಹಾಕಲು ವೈದ್ಯರೇ ಮುಂದೆ ಬಂದರು. ಮುಂಬಯಿಯ ಸೇಹತ್ ಸಂಸ್ಥೆ 2008ರಿಂದ ಪಾಲಿಕೆಯ ಆಸ್ಪತ್ರೆಗಳಲ್ಲಿ ಬೇರೆಯೇ ನಮೂನೆಯೊಂದನ್ನು ಬಳಕೆಗೆ ತಂದಿತು. ಚಿಕಿತ್ಸೆ, ಸಮಾಧಾನದ ಮಾತು, ಸಾಕ್ಷ್ಯ ಮೂರೂ ಅದರಲ್ಲಿ ಒಟ್ಟಿಗಿದ್ದವು. ಸೇವಾಗ್ರಾಮದ ಮಹಾತ್ಮಾ ಗಾಂಧಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನ್ಯಾಯವೈದ್ಯ ಇಂದ್ರಜಿತ್ ಖಾಂಡೇಕರ್ 2010ರಲ್ಲಿ ಪರೀಕ್ಷಾ ಪದ್ಧತಿಯ ದೋಷಗಳ ಬಗ್ಗೆ ದೀರ್ಘ ವರದಿ ಸಿದ್ಧಪಡಿಸಿದರು. ಬಾಂಬೆ ಹೈಕೋರ್ಟಿನ ನಾಗಪುರ ಪೀಠದ ಮುಂದೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2013ರಲ್ಲಿ ಮಹಾರಾಷ್ಟ್ರ ಸರ್ಕಾರ ಬೆರಳಿನ ಪರೀಕ್ಷೆಯಿಲ್ಲದ ಹೊಸ ಕೈಪಿಡಿ ತಂದಿತು, ಅದೇ ವರ್ಷ ಸುಪ್ರೀಂ ಕೋರ್ಟ್ ಆ ಪರೀಕ್ಷೆ ಘನತೆಗೆ ಕುಂದೆಂದು ಹೇಳಿತು, 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದೇಶಕ್ಕೆಲ್ಲ ಮಾರ್ಗಸೂಚಿ ಹೊರಡಿಸಿತು. ಉಳಿದದ್ದು ಪಠ್ಯ. ರಾಜ್ಯದ ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮ, ಪರೀಕ್ಷೆಗಳನ್ನು ನೋಡಿಕೊಳ್ಳುವ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ 1998ರಲ್ಲಿ ಸ್ಥಾಪನೆಯಾಗಿ ನಾಸಿಕ್‌ನಲ್ಲಿ ನೆಲೆಸಿದೆ. ಕನ್ಯತ್ವದ ಲಕ್ಷಣಗಳು ಎಂಬ ಪಾಠವನ್ನು ಎಂಬಿಬಿಎಸ್ ನ್ಯಾಯವೈದ್ಯಶಾಸ್ತ್ರದಿಂದ ತೆಗೆಯಲು ಅದು 2019ರಲ್ಲಿ ತೀರ್ಮಾನಿಸಿತು. ಹೆಚ್ಚು ಸದ್ದಿಲ್ಲದ ಈ ಕಚೇರಿ ತೀರ್ಮಾನದ ಬೆಲೆ ಅನೇಕ ತೀರ್ಪುಗಳಿಗಿಂತ ಹೆಚ್ಚು: ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ಬರೆದದ್ದನ್ನೇ ಹತ್ತು ವರ್ಷದ ಮೇಲೆ ಕ್ಯಾಶುಯಲ್ಟಿಯಲ್ಲಿ ಮಾಡುತ್ತಾನೆ. 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮಾತಾಡಿ, ಆ ಪರೀಕ್ಷೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರೆಂದಿತು.

ಮಕ್ಕಳ ವಿಷಯದಲ್ಲಿ ಗಾಯ ಹುಡುಕುವ ಹಳೆಯ ಅಭ್ಯಾಸ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಅಮೆರಿಕದ ಜಾಯ್ಸ್ ಆಡಮ್ಸ್ ಮತ್ತು ಸಂಗಡಿಗರು 1994ರಲ್ಲಿ, ದೌರ್ಜನ್ಯ ಕೋರ್ಟಿನಲ್ಲಿ ಸಾಬೀತಾದ 236 ಮಕ್ಕಳ ಪರೀಕ್ಷಾ ವರದಿಗಳನ್ನು ನೋಡಿದಾಗ ಹೆಚ್ಚಿನವು ಸಹಜ ಅಥವಾ ಏನನ್ನೂ ನಿರ್ದಿಷ್ಟವಾಗಿ ತೋರಿಸದಂಥವಾಗಿದ್ದವು. ಮಗು ತಡವಾಗಿ ಹೇಳುತ್ತದೆ, ಮೃದು ಚರ್ಮ ಬೇಗ ಮಾಗುತ್ತದೆ, ಎಷ್ಟೋ ದೌರ್ಜನ್ಯ ಗುರುತು ಬಿಡುವಂಥದ್ದೇ ಅಲ್ಲ. ಆದ್ದರಿಂದ ವೈದ್ಯರ ಕೈಯಲ್ಲಿರುವ ಅತ್ಯುತ್ತಮ ಸಾಕ್ಷ್ಯ ಮಗು ಆಡಿದ ಮಾತು.

ಆ ಮಾತಿಗೆ ಕಾನೂನಿನ ಬಲ ಸಿಕ್ಕಿದ್ದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆಯಿಂದ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಮಹಾರಾಷ್ಟ್ರವೂ ಸೇರಿ 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ 53.22% ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಕಾಯ್ದೆ 2012ರ ನವೆಂಬರ್ 14ರಂದು ಜಾರಿಯಾಯಿತು. ಅದರ ಕಲಂ 19ರಂತೆ ಅಪರಾಧ ನಡೆದಿದೆಯೆಂದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಇಲ್ಲ. ಕಲಂ 21ರಂತೆ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. ಕಲಂ 27ರಂತೆ ಎಫ್‌ಐಆರ್ ಆಗಿರದಿದ್ದರೂ ಪರೀಕ್ಷೆ ಮಾಡಬಹುದು, ಹುಡುಗಿಯನ್ನು ವೈದ್ಯೆಯೇ ನೋಡಬೇಕು, ಮಗು ನಂಬುವ ಒಬ್ಬರು ಜೊತೆಗಿರಬೇಕು. ತುರ್ತು ಚಿಕಿತ್ಸೆಗೆ ಮೊದಲು ಪೊಲೀಸರ ಪತ್ರ ತನ್ನಿ ಎನ್ನುವಂತಿಲ್ಲ. 2013ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ ಕಲಂ 357ಸಿ, ಸರ್ಕಾರಿ ಇರಲಿ ಖಾಸಗಿ ಇರಲಿ, ಆಸ್ಪತ್ರೆಗಳು ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದಿತು.

ಇಷ್ಟೆಲ್ಲ ಬದಲಾದರೂ ಜಿಲ್ಲಾ ಆಸ್ಪತ್ರೆಯ ಎಂಎಲ್‌ಸಿ ವಹಿಯ ಪುಟ ಹಳೆಯದರಂತೆಯೇ ಇದೆ. ಮೇಲೆ ಹೆಸರು, ವಯಸ್ಸು, ಕರೆತಂದವರು ಯಾರು, ಬಂದ ಗಂಟೆ ಮತ್ತು ನಿಮಿಷ. ಗುರುತಿಗೆ ಎರಡು ಮಚ್ಚೆ, ಎಡಗೈ ಹೆಬ್ಬೆಟ್ಟು. ಆಮೇಲೆ 'ಎಂದು ಆರೋಪ' ಎಂಬ ಒಕ್ಕಣೆಯಿಂದ ಆರಂಭವಾಗುವ ಒಂದೆರಡು ಸಾಲಿನ ವೃತ್ತಾಂತ. ಕೆಳಗೆ ಗಾಯಗಳು: ಯಾವ ಕಡೆ, ಎಷ್ಟು ಸೆಂಟಿಮೀಟರ್, ಆಕಾರ, ಬಣ್ಣ. ಕೊನೆಗೆ ಪೊಲೀಸ್ ಇಂಟಿಮೇಶನ್ ತೆಗೆದುಕೊಂಡ ಹವಾಲ್ದಾರರ ಸಹಿ, ಬಕಲ್ ನಂಬರ್. ಕುಡಿದು ಬಿದ್ದವನಿಗೂ ಬೈಕ್ ಅಪಘಾತದವನಿಗೂ ಐದು ವರ್ಷದ ಮಗುವಿಗೂ ಇದೇ ಪುಟ. ತರಬೇತಾದ ವೈದ್ಯರು ಈ ಇಕ್ಕಟ್ಟಾದ ಜಾಗದಲ್ಲೇ ಮಗುವಿನ ಮಾತನ್ನು ಅದು ಆಡಿದ ಹಾಗೆಯೇ ಉದ್ಧರಣ ಚಿಹ್ನೆಯಲ್ಲಿ ಬರೆಯುತ್ತಾರೆ, ಕೇಳಿದ ಪ್ರಶ್ನೆಯನ್ನೂ ಬರೆಯುತ್ತಾರೆ. ಮಗು 'ಕಾಕಾ ದುಖವ್ತೋ' (ಕಾಕಾ ನೋಯಿಸುತ್ತಾನೆ) ಎಂದಿದ್ದರೆ ಅದು ಹಾಗೆಯೇ ಉಳಿಯಬೇಕು; ಅದನ್ನು ವೈದ್ಯರ ಭಾಷೆಗೆ ತಿರುಗಿಸಿದ ಕೂಡಲೇ ಕೋರ್ಟಿನಲ್ಲಿ ಅದು ಮಗುವಿನ ಮಾತಾಗಿ ಉಳಿಯುವುದಿಲ್ಲ.

ಮಾತೆಂದರೆ ಇಲ್ಲಿ ಬರೀ ಮರಾಠಿಯೂ ಅಲ್ಲ. ನಾಸಿಕ್‌ನ ಸುರಗಾಣಾ, ಪೇಠ ತಾಲ್ಲೂಕುಗಳಿಂದ ಕೋಕಣಾ, ವಾರ್ಲಿ ಮಾತಿನ ಮಕ್ಕಳು ಬರುತ್ತಾರೆ, ಬಾಗಲಾಣ, ಕಳವಣ ಕಡೆಯವರದು ಅಹಿರಾಣಿ. ಸಂಭಾಜಿನಗರದ ಹಳೆಯ ಓಣಿಗಳಲ್ಲಿ ಬೀದರ, ಕಲಬುರಗಿಯವರಿಗೆ ಸುಲಭವಾಗಿ ತಿಳಿಯುವ ದಖನಿ ಉರ್ದು, ತಾಂಡಾಗಳಲ್ಲಿ ಗೋರ್‌ಮಾಟಿ. ದುಭಾಷಿ ಬೇಕಾದಾಗ ಮಗುವನ್ನು ಕರೆತಂದ ನೆಂಟನನ್ನೇ ಕೂರಿಸುವುದು ಸುಲಭ. ಅವನೇ ಆರೋಪಿಯಾಗಿದ್ದರೆ ಕೆಲಸವೆಲ್ಲ ಕೆಟ್ಟಿತು. ಇನ್ನೊಂದು ತೊಂದರೆ ಅಲೆದಾಟದ್ದು. ಕ್ಯಾಶುಯಲ್ಟಿ, ಸ್ತ್ರೀರೋಗ ವಿಭಾಗ, ಮಕ್ಕಳ ವಾರ್ಡು, ಎಕ್ಸ್‌ರೇ ಎಂದು ಮಗು ನಾಲ್ಕು ಕಡೆ ಅದೇ ಕಥೆ ಹೇಳಬೇಕಾಗುತ್ತದೆ, ನಾಲ್ಕನೆಯ ಸಲ ಅದು ಸುಮ್ಮನಾಗುತ್ತದೆ. 2014ರ ಮಾರ್ಗಸೂಚಿ ಒಂದೇ ಕೋಣೆ, ಒಂದೇ ನಮೂನೆ, 12 ದಾಟಿದ ಮಗುವಿನದೇ ಒಪ್ಪಿಗೆ ಎಂದದ್ದು ಇದಕ್ಕಾಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರುಮಾಡಬೇಕು, ಆದ್ದರಿಂದ ಚಿಕಿತ್ಸೆ ಕಾಗದಪತ್ರಕ್ಕೆ ಕಾಯುವಂತಿಲ್ಲ. ತೆಗೆದ ಮಾದರಿಗಳು ಮೊಹರಾಗಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ನಾಸಿಕ್‌ನಲ್ಲೂ ಸಂಭಾಜಿನಗರದಲ್ಲೂ ಒಂದೊಂದಿದೆ.

ಖಾಸಗಿ ನರ್ಸಿಂಗ್ ಹೋಮುಗಳ ಹಳೆಯ ಉತ್ತರ ಗೊತ್ತೇ ಇದೆ: ಇದು ಪೊಲೀಸ್ ಕೇಸು, ಸಿವಿಲ್ ಆಸ್ಪತ್ರೆಗೆ ಒಯ್ಯಿರಿ. ವೈದ್ಯರ ಅಂಜಿಕೆ ಸಂಪೂರ್ಣ ಸುಳ್ಳಲ್ಲ. ವರ್ಗವಾಗಿ ಬೇರೆ ಜಿಲ್ಲೆಗೆ ಹೋದ ಮೇಲೂ ಸಮನ್ಸ್ ಬರುತ್ತದೆ, ತಾರೀಕು ಮುಂದೆ ಹೋಗುತ್ತದೆ, ಊರಿನ ಗಣ್ಯರು ದವಾಖಾನೆಗೆ ಬಂದು ಕೂರುತ್ತಾರೆ. ಆದರೆ ಅಂಜಿಕೆಯನ್ನು ಕಾನೂನು ಕ್ಷಮಿಸುವುದಿಲ್ಲ ಎಂಬುದು ಚಂದ್ರಪುರ ಜಿಲ್ಲೆಯ ರಾಜುರಾ ಪ್ರಕರಣದಲ್ಲಿ ಸ್ಪಷ್ಟವಾಯಿತು. ಅಲ್ಲಿನ ಶಾಲಾ ವಸತಿನಿಲಯವೊಂದರ ಆದಿವಾಸಿ ಬಾಲಕಿಯರ ಮೇಲಿನ ದೌರ್ಜನ್ಯ 2019ರಲ್ಲಿ ಬಯಲಾದಾಗ, ಅವರಿಗೆ ಚಿಕಿತ್ಸೆ ಕೊಡುತ್ತಿದ್ದ ವೈದ್ಯರು ತಿಳಿದೂ ತಿಳಿಸಲಿಲ್ಲವೆಂಬ ಆರೋಪ ಬಂತು. ನಾಗಪುರ ಪೀಠ ಅವರ ಮೇಲಿನ ಪ್ರಕರಣವನ್ನು ರದ್ದುಮಾಡಿತು. ಸುಪ್ರೀಂ ಕೋರ್ಟ್ 2022ರ ನವೆಂಬರ್ 2ರಂದು ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ವರದಿ ಮಾಡದಿರುವುದು ಗಂಭೀರ ಅಪರಾಧವೆಂದಿತು.

ಕಡ್ಡಾಯ ವರದಿಗೆ ಅದರದೇ ಕಷ್ಟಗಳಿವೆ, ಮರಾಠವಾಡಾದಲ್ಲಿ ಅವು ತೀಕ್ಷ್ಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಮಹಾರಾಷ್ಟ್ರದ 20ರಿಂದ 24 ವಯಸ್ಸಿನ ಹೆಂಗಸರಲ್ಲಿ 21.9% ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಬೀಡ್, ಪರಭಣಿ ಜಿಲ್ಲೆಗಳಲ್ಲಿ ಪ್ರಮಾಣ ಇದರ ಸುಮಾರು ಎರಡರಷ್ಟು. ಕಬ್ಬು ಕಡಿಯಲು ಆರು ತಿಂಗಳು ಊರು ಬಿಡುವ ಹೆತ್ತವರು ಬೆಳೆದ ಮಗಳನ್ನು ಒಂಟಿಯಾಗಿ ಬಿಡಲಾರದೆ ಮದುವೆ ಮಾಡಿಬಿಡುತ್ತಾರೆ. 2017ರ ಅಕ್ಟೋಬರ್ 11ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 18 ತುಂಬದ ಹೆಂಡತಿಯೊಡನೆ ಗಂಡನ ಲೈಂಗಿಕ ಸಂಪರ್ಕವೂ ಅತ್ಯಾಚಾರವೇ. ಹಾಗಾಗಿ ಗರ್ಭಿಣಿ ತಪಾಸಣೆಗೆ ಬರುವ 17ರ ಹುಡುಗಿ ಎಂಎಲ್‌ಸಿ ಆಗುತ್ತಾಳೆ, ಗಂಡ ಆರೋಪಿ. ಪರಿಣಾಮ, ಕೆಲವು ಹುಡುಗಿಯರು ತಪಾಸಣೆಗೇ ಬರುವುದಿಲ್ಲ, ಬಂದವರ ವಯಸ್ಸು 19 ಎಂದಾಗುತ್ತದೆ. ಹದಿಹರೆಯದವರ ಪರಸ್ಪರ ಒಪ್ಪಿಗೆಯ ಪ್ರಕರಣಗಳಲ್ಲಿ ಗರ್ಭಪಾತಕ್ಕೆ ಬಂದ ಹುಡುಗಿಯ ಹೆಸರನ್ನು ಅವಳು ಬೇಡವೆಂದರೆ ವೈದ್ಯರು ವರದಿಯಲ್ಲಿ ಬಿಡಬಹುದೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಸಮ್ಮತಿ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಸೂಚಿಸಿತು. ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೆಯ ವರದಿಯಲ್ಲಿ 18 ಅನ್ನು ಇಳಿಸಬಾರದೆಂದಿತು.

ಆಸ್ಪತ್ರೆಗೆ ಬಾರದ ಮಗುವನ್ನು ಕಾಣುವವರು ಬೇರೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಬಂದ ಆಶಾ ಕಾರ್ಯಕರ್ತೆಗೆ ಊರಿನ ಎಲ್ಲ ಮನೆಯ ಒಳಗೂ ದಾರಿ ಇದೆ. ಆದರೆ ಅವಳೂ ಅದೇ ಊರಿನ ಸೊಸೆ, ಆರೋಪಿ ಅವಳ ಭಾವನೋ ಸರಪಂಚನೋ ಆಗಿರಬಹುದು. ಶಾಲೆಗಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ಎರಡು ಸಲ ಹೋಗುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಗಳು ಹೊರಗಿನವು. ಈ ಕಾರ್ಯಕ್ರಮ 2013ರ ಫೆಬ್ರುವರಿಯಲ್ಲಿ ಆರಂಭವಾದದ್ದು ಮಹಾರಾಷ್ಟ್ರದ ಪಾಲಘರದಲ್ಲೇ. ಮಾಡಿನಡಿಯಲ್ಲಿ ಸಾಲಾಗಿ ನಿಲ್ಲಿಸಿ ಹಲ್ಲು, ಕಣ್ಣು, ರಕ್ತಹೀನತೆ ನೋಡುವ ಆ ಅವಸರದಲ್ಲಿ ಆಶ್ರಮಶಾಲೆಯ (ಆದಿವಾಸಿ ಮಕ್ಕಳ ವಸತಿ ಶಾಲೆಯ) ಹುಡುಗಿ ಏನನ್ನಾದರೂ ಹೇಳಿಕೊಳ್ಳುವುದು ಕಷ್ಟ. ಅಂಗಿ ಸರಿಸಿ ಬೆನ್ನು ನೋಡಿದ ವೈದ್ಯೆಗೆ ಮಾತ್ರ ಬಾಸುಂಡೆ ಕಾಣುತ್ತದೆ.

ಯಾರೂ ನೋಡದಿದ್ದರೆ ಏನಾಗುತ್ತದೆಂಬುದನ್ನು ನಾಸಿಕ್ ಜಿಲ್ಲೆಯ ಇಗತಪುರಿ ತಾಲ್ಲೂಕು ಕಂಡಿದೆ. 2022ರ ಆಗಸ್ಟ್ ಕೊನೆಯಲ್ಲಿ ಕಾತಕರಿ ಸಮುದಾಯದ 10 ವರ್ಷದ ಬಾಲಕಿಯೊಬ್ಬಳು ಗಾಯಗೊಂಡು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಮನೆಯ ಹೊರಗೆ ಸಿಕ್ಕಳು. ನಾಸಿಕ್‌ನ ಆಸ್ಪತ್ರೆಯಲ್ಲಿ ಕೆಲವು ದಿನಗಳಲ್ಲಿ ತೀರಿಕೊಂಡಳು. ಅವಳ ಗಾಯದ ಜಾಡು ಹಿಡಿದಾಗಲೇ, ಕಾತಕರಿ ಮಕ್ಕಳನ್ನು ಒಂದು ಕುರಿ ಮತ್ತು ಪುಡಿಗಾಸಿಗೆ ಅಹಮದ್‌ನಗರ ಕಡೆಯ ಕುರಿಗಾರರ ಬಳಿ ಜೀತಕ್ಕೆ ಬಿಟ್ಟಿದ್ದದ್ದು ಹೊರಬಂತು. ಜೀತ ಪದ್ಧತಿ ನಿರ್ಮೂಲನ ಕಾಯ್ದೆಗೆ ಆಗ 46 ವರ್ಷ.

ವರದಿಯಾದ ಮೇಲಿನ ವ್ಯವಸ್ಥೆ ಕಾಗದದ ಮೇಲೆ ಸಾಕಷ್ಟಿದೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಮಹಾರಾಷ್ಟ್ರ 2013ರ ಅಕ್ಟೋಬರ್ 2ರಿಂದ ಮನೋಧೈರ್ಯ ಯೋಜನೆಯಲ್ಲಿ ಪರಿಹಾರಧನ ಕೊಡುತ್ತಿದೆ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ ಹುಟ್ಟಿದ ಮಕ್ಕಳ ಸಹಾಯವಾಣಿ 1098 ಅನ್ನು 2023ರಿಂದ ಸರ್ಕಾರವೇ ನಡೆಸುತ್ತಿದೆ. 2024ರ ಜುಲೈ 1ರಂದು ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಹೊಸ ಸಂಹಿತೆ ಬಂದಾಗ ಉಚಿತ ಚಿಕಿತ್ಸೆಯ ಕಲಂ 397 ಆಯಿತು, ಅತ್ಯಾಚಾರ ಸಂತ್ರಸ್ತೆಯ ವೈದ್ಯಕೀಯ ಪರೀಕ್ಷೆಯ ಕಲಂ 184 ಆಯಿತು, ಆ ಪರೀಕ್ಷೆಯ ವರದಿಗೆ ಏಳು ದಿನದ ಗಡುವು ಬಂತು.

ಇವೆಲ್ಲವುಗಳ ಭಾರ ಲೈಂಗಿಕ ದೌರ್ಜನ್ಯದ ಕಡೆಗೇ ವಾಲಿದೆ. ಹೊಡೆತ ತಿಂದ, ಸುಟ್ಟ, ಹೊಟ್ಟೆಗಿಲ್ಲದೆ ಸೊರಗಿದ ಮಗುವಿನ ವಿಷಯದಲ್ಲಿ ವೈದ್ಯರು ವರದಿ ಮಾಡದಿದ್ದರೆ ಶಿಕ್ಷೆಯೆಂದು ಹೇಳುವ, ಪೋಕ್ಸೊದ ಕಲಂ 19 ಮತ್ತು 21ಕ್ಕೆ ಸಮನಾದ ಕಾನೂನು ಭಾರತದಲ್ಲಿಲ್ಲ. ಬಾಲನ್ಯಾಯ ಕಾಯ್ದೆಯ ಕಲಂ 75 ಮಗುವಿನ ಹೊಣೆ ಹೊತ್ತವರು ಮಾಡುವ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತದೆ, ಕಂಡವರು ತಿಳಿಸಬೇಕೆಂದು ಹೇಳುವುದಿಲ್ಲ. ಅಂಥ ಮಗು ನಾಸಿಕ್‌ನ ಸಿವಿಲ್‌ಗೋ ಘಾಟಿಗೋ ಬಂದ ದಿನ ಅದರ ಹೆಸರು ಎಂಎಲ್‌ಸಿ ವಹಿಗೆ ಏರುವುದೇ, 'ಬಿದ್ದು ಪೆಟ್ಟಾಗಿದೆ' ಎಂದು ಹೊರರೋಗಿ ಚೀಟಿಯಲ್ಲೇ ಮುಗಿಯುವುದೇ ಎಂಬುದು ಪಾಳಿಯಲ್ಲಿರುವ ವೈದ್ಯರ ತಿಳಿವಳಿಕೆಗೆ ಬಿಟ್ಟಿದ್ದು.